ಹದಿನಾರರ ಹೊರಗೆ ಉಳಿದವರು

ಕ್ರೀಡೆಯ ಇತಿಹಾಸವೆಂದರೆ ಬಹುಮಟ್ಟಿಗೆ ಆಡಿದವರ ಇತಿಹಾಸ. ಗೋಲು ಹೊಡೆದವನ ಹೆಸರು ವೃತ್ತಪತ್ರಿಕೆಯ ತಲೆಬರಹದಲ್ಲಿ ಬರುತ್ತದೆ. ಗೋಲು ತಡೆದವನ ಹೆಸರು ಅದರ ಕೆಳಗೆ ಸಣ್ಣಕ್ಷರಗಳಲ್ಲಿ ಬರುತ್ತದೆ. ಇವರೊಡನೆಯೇ ನಸುಕಿನಲ್ಲೆದ್ದು ಓಡಿ, ಇವರಷ್ಟೇ ಬೆವರು ಸುರಿಸಿ, ಇವರೊಂದಿಗೆ ಒಂದೇ ಪಂಕ್ತಿಯಲ್ಲಿ ಉಂಡು, ಕೊನೆಯ ಪಟ್ಟಿ ಪ್ರಕಟವಾದಾಗ ಅದರಲ್ಲಿ ತನ್ನ ಹೆಸರನ್ನು ಕಾಣದೆ ಊರಿನ ಬಸ್ಸು ಹತ್ತಿದವನ ಹೆಸರು ಎಲ್ಲಿಯೂ ಬರುವುದಿಲ್ಲ. ಅವನು ಅಸಮರ್ಥನೆಂದು ಯಾರೂ ಹೇಳಲಾರರು. ತಂಡದ ಅಂಚಿನಲ್ಲಿ ನಿಂತವನು ಅವನು. ಇನ್ನೊಂದು ಸ್ಥಾನವಿದ್ದಿದ್ದರೆ ಅದು ಅವನದಾಗುತ್ತಿತ್ತು.

ತುಬಚಿಯ ಸುತ್ತಲಿನ ಕೃಷ್ಣಾತೀರದ ಊರುಗಳಲ್ಲಿ ಹಾಕಿಯ ಕೋಲು ಹಿಡಿದವರು ವಿರಳ. ಗರಡಿಮನೆ, ಕಬಡ್ಡಿಯ ಅಂಕಣ, ಖೋಖೋ, ಸೈಕಲ್ ಸ್ಪರ್ಧೆ, ಇವೇ ಈ ನೆಲಕ್ಕೆ ಒಗ್ಗಿದ ಆಟಗಳು. ಕುಸ್ತಿಯಲ್ಲಿ ಅಂಚಿನ ಆಟಗಾರನೆಂಬ ಸಮಸ್ಯೆಯೇ ಹುಟ್ಟುವುದಿಲ್ಲ. ಪೈಲವಾನನು ತನ್ನ ಜೋಡಿಯನ್ನು ನೋಡಿಕೊಂಡು ಕಣಕ್ಕಿಳಿಯುತ್ತಾನೆ, ಗೆದ್ದರೂ ಬಿದ್ದರೂ ಆ ಮಣ್ಣು ಅವನದೇ. ಆದರೆ ಕಬಡ್ಡಿಗೆ ಬಂದೊಡನೆ ಲೆಕ್ಕ ಬದಲಾಗುತ್ತದೆ. ಹನ್ನೆರಡು ಜನರ ತಂಡದಲ್ಲಿ ಏಳು ಜನ ಅಂಕಣದೊಳಗೆ, ಐವರು ಹೊರಗೆ. ತಾಲ್ಲೂಕು ಕ್ರೀಡಾಕೂಟಕ್ಕೆ ತಂಡವನ್ನು ಸಿದ್ಧಪಡಿಸುವ ಯಾವ ದೈಹಿಕ ಶಿಕ್ಷಕರಿಗಾದರೂ ಹದಿಮೂರನೆಯ ಹುಡುಗನ ಮುಖದ ಪರಿಚಯವಿದ್ದೇ ಇರುತ್ತದೆ. ಆ ಹದಿಮೂರನೆಯವನನ್ನು ಏನು ಮಾಡಬೇಕೆಂಬ ಪ್ರಶ್ನೆಗೆ ಲೋಕದ ದೊಡ್ಡ ತಂಡಗಳು ಯಾವ ಯಾವ ಉತ್ತರಗಳನ್ನು ಕಂಡುಕೊಂಡಿವೆ ಎಂಬುದನ್ನು ಅರಿಯಲು ಹಾಕಿಯಷ್ಟು ಉಪಯುಕ್ತವಾದ ಆಟ ಬೇರೊಂದಿಲ್ಲ.

ಹಾಕಿಯ ಮೈದಾನದಲ್ಲಿ ಒಂದು ಪಕ್ಷಕ್ಕೆ ಹನ್ನೊಂದು ಜನ. ಹಿಂದೆ ಬದಲಿ ಆಟಗಾರನನ್ನು ಇಳಿಸುವುದು ಅಪರೂಪದ ಕ್ರಮವಾಗಿತ್ತು. ಒಮ್ಮೆ ಹೊರಬಂದವನು ಮರಳಿ ಆಡುವಂತಿರಲಿಲ್ಲ. 1990ರ ದಶಕದ ಆರಂಭದಿಂದ ಈ ಕಟ್ಟು ಸಡಿಲಗೊಂಡಿತು. ಆಟ ನಿಲ್ಲಿಸದೆಯೇ, ಎಷ್ಟು ಸಲ ಬೇಕಾದರೂ, ಒಬ್ಬನು ಹೊರಬಂದು ಮತ್ತೊಬ್ಬನು ಒಳಹೋಗಬಹುದಾಯಿತು. ಮುನ್ಪಡೆಯ ಆಟಗಾರನು ಕೆಲವು ನಿಮಿಷ ಉಸಿರು ಬಿಗಿಹಿಡಿದು ಓಡಿ, ಹೊರಬಂದು ನೀರು ಕುಡಿದು, ಮತ್ತೆ ಒಳನುಗ್ಗುವ ಇಂದಿನ ವೇಗದ ಆಟಕ್ಕೆ ಮೂಲ ಈ ನಿಯಮವೇ. ಹೀಗಾಗಿ ತಂಡವೆಂದರೆ ಹನ್ನೊಂದಲ್ಲ, ಹದಿನಾರು ಎಂಬಂತಾಯಿತು. ಒಲಿಂಪಿಕ್ ಕ್ರೀಡಾಕೂಟದ ಪಟ್ಟಿಯಲ್ಲಿಯೂ ಹದಿನಾರು ಹೆಸರುಗಳೇ. ಅದರಾಚೆಗೆ ಇಬ್ಬರೋ ಮೂವರೋ ಮೀಸಲು ಆಟಗಾರರು ತಂಡದೊಡನೆ ಪ್ರಯಾಣ ಮಾಡುತ್ತಾರೆ. ಹದಿನಾರರಲ್ಲಿ ಒಬ್ಬನಿಗೆ ಪೆಟ್ಟಾದ ಹೊರತು ಅವರು ಪ್ರೇಕ್ಷಕರೇ.

ಹೊರಗೆ ಕುಳಿತವನು ಒಳಬಂದು ಚರಿತ್ರೆಯನ್ನೇ ಹೊರಳಿಸಿದ ನಿದರ್ಶನ ಭಾರತೀಯ ಹಾಕಿಯಲ್ಲಿ ಬಹು ಹಿಂದೆಯೇ ಇದೆ. 1975ರಲ್ಲಿ ಮಲೇಷ್ಯಾದ ಕೌಲಾಲಂಪುರದಲ್ಲಿ ವಿಶ್ವಕಪ್ ಪಂದ್ಯಾವಳಿ ನಡೆದಾಗ ಕೊಡಗಿನ ಬಿ. ಪಿ. ಗೋವಿಂದ ಅವರೂ ಭಾರತ ತಂಡದಲ್ಲಿದ್ದರು. ಉಪಾಂತ್ಯ ಪಂದ್ಯದಲ್ಲಿ ಆತಿಥೇಯ ಮಲೇಷ್ಯಾವು 2–1ರಿಂದ ಮುಂದಿತ್ತು. ಉಳಿದದ್ದು ಕೆಲವೇ ನಿಮಿಷಗಳು. ಆಗ ವ್ಯವಸ್ಥಾಪಕ ಬಲ್ಬೀರ್ ಸಿಂಗ್ ಅವರು ಹಿಂಬದಿಯ ಆಟಗಾರ ಮೈಕೇಲ್ ಕಿಂಡೋ ಅವರನ್ನು ಹೊರಗೆ ಕರೆದು, ಅಲ್ಲಿಯವರೆಗೆ ಬೆಂಚಿನ ಮೇಲಿದ್ದ ಅಸ್ಲಂ ಶೇರ್ ಖಾನ್ ಅವರನ್ನು ಕಳುಹಿಸಿದರು. ಪೆನಾಲ್ಟಿ ಕಾರ್ನರ್ ದೊರೆಯಿತು. ಅಸ್ಲಂ ಕೊರಳಿನ ತಾಯಿತಕ್ಕೆ ಮುತ್ತಿಟ್ಟು ಚೆಂಡನ್ನು ಹೊಡೆದರು; ಪಂದ್ಯ ಸಮವಾಯಿತು. ಹೆಚ್ಚುವರಿ ಅವಧಿಯಲ್ಲಿ ಹರ್‌ಚರಣ್ ಸಿಂಗ್ ಗೆಲುವಿನ ಗೋಲು ಹೊಡೆದರು. ಅಂತಿಮ ಪಂದ್ಯದಲ್ಲಿ ಪಾಕಿಸ್ತಾನವನ್ನು 2–1ರಿಂದ ಸೋಲಿಸಿ ಭಾರತ ವಿಶ್ವಕಪ್ಪನ್ನು ತಂದಿತು. ಅಂದು ಅಸ್ಲಂ ಕನಿಷ್ಠಪಕ್ಷ ಸಮವಸ್ತ್ರ ತೊಟ್ಟು ಬೆಂಚಿನ ಮೇಲೆ ಕುಳಿತಿದ್ದರು, ಅವರ ಹೆಸರು ಪಟ್ಟಿಯಲ್ಲಿತ್ತು. ಪಟ್ಟಿಯ ಹೊರಗಿದ್ದವನ ಕಥೆ ಇದಕ್ಕಿಂತ ವಿಚಿತ್ರವಾದುದು.

ಟೋಕಿಯೋ ಒಲಿಂಪಿಕ್ಸ್ 2020ರಲ್ಲಿ ನಡೆಯಬೇಕಾಗಿದ್ದು, ಕೋವಿಡ್ ಮಹಾಮಾರಿಯ ಕಾರಣ 2021ಕ್ಕೆ ಮುಂದೂಡಲ್ಪಟ್ಟಿತು. 2020ರ ಮಾರ್ಚ್ ತಿಂಗಳಲ್ಲಿ ದೇಶಕ್ಕೆ ದೇಶವೇ ಬಾಗಿಲು ಮುಚ್ಚಿಕೊಂಡಾಗ ಭಾರತ ಹಾಕಿ ತಂಡದ ಸಂಭಾವ್ಯ ಆಟಗಾರರೆಲ್ಲ ಬೆಂಗಳೂರಿನ ಭಾರತೀಯ ಕ್ರೀಡಾ ಪ್ರಾಧಿಕಾರದ ಆವರಣದಲ್ಲಿಯೇ ಉಳಿದುಕೊಂಡರು. ಮನೆಗೆ ಹೋಗುವಂತಿಲ್ಲ, ಪಂದ್ಯಗಳಿಲ್ಲ. ಒಂದೇ ಕೋಣೆಯಲ್ಲಿ ಮಲಗುವ ಇಬ್ಬರು ಒಂದೇ ಸ್ಥಾನಕ್ಕೆ ಸ್ಪರ್ಧಿಗಳಾಗಿರುವ ಸ್ಥಿತಿಯನ್ನು ಊಹಿಸಿಕೊಳ್ಳಬೇಕು. 2021ರ ಜೂನ್ ತಿಂಗಳಲ್ಲಿ ಹದಿನಾರು ಹೆಸರುಗಳ ಪಟ್ಟಿ ಹೊರಬಿತ್ತು. ಸಿಮ್ರನ್‌ಜೀತ್ ಸಿಂಗ್ ಎಂಬ ಆಟಗಾರನ ಹೆಸರು ಅದರಲ್ಲಿರಲಿಲ್ಲ. ರೂಢಿಯ ಕಾಲವಾಗಿದ್ದರೆ ಅವರ ಒಲಿಂಪಿಕ್ಸ್ ಅಲ್ಲಿಗೆ ಮುಗಿಯುತ್ತಿತ್ತು. ಆದರೆ ಸೋಂಕಿನ ಭಯದಿಂದ ಒಲಿಂಪಿಕ್ ಅಧಿಕಾರಿಗಳು ನಿಯಮವನ್ನು ಬದಲಿಸಿ, ಮೀಸಲು ಆಟಗಾರರನ್ನೂ ಸೇರಿಸಿದ ಹಿರಿದಾದ ಪಟ್ಟಿಯಿಂದ ಪ್ರತಿ ಪಂದ್ಯಕ್ಕೂ ಹದಿನಾರು ಜನರನ್ನು ಆರಿಸಿಕೊಳ್ಳಬಹುದೆಂದು ಒಪ್ಪಿದರು. ಸಿಮ್ರನ್‌ಜೀತ್ ಮತ್ತು ವರುಣ್ ಕುಮಾರ್ ತಂಡ ಸೇರಿದ್ದು ಹೀಗೆ.

ಆಗಸ್ಟ್ 5ರಂದು ಕಂಚಿನ ಪದಕಕ್ಕಾಗಿ ಜರ್ಮನಿಯೊಡನೆ ಪಂದ್ಯ. ಭಾರತ ಒಂದು ಹಂತದಲ್ಲಿ 1–3ರಿಂದ ಹಿಂದಿತ್ತು. ಕೊನೆಗೆ 5–4ರಿಂದ ಗೆದ್ದಿತು. 1980ರ ಮಾಸ್ಕೋ ಸ್ವರ್ಣದ ಬಳಿಕ ನಲವತ್ತೊಂದು ವರ್ಷಗಳ ತರುವಾಯ ಬಂದ ಒಲಿಂಪಿಕ್ ಪದಕವದು. ಆ ಐದು ಗೋಲುಗಳಲ್ಲಿ ಎರಡು ಸಿಮ್ರನ್‌ಜೀತರದು. ಒಂದು ಗೋಲಿನ ಅಂತರದ ಜಯದಲ್ಲಿ ಎರಡು ಗೋಲುಗಳು ಪಟ್ಟಿಯ ಹೊರಗಿದ್ದವನಿಂದ ಬಂದವು. ಆಯ್ಕೆದಾರರು ಅಜ್ಞಾನಿಗಳೆಂದು ಇದರಿಂದ ತೀರ್ಮಾನಿಸಲಾಗದು. ಹದಿನಾರನೆಯವನಿಗೂ ಹದಿನೇಳನೆಯವನಿಗೂ ನಡುವಿನ ಗೆರೆ ಆಟದ ಯೋಗ್ಯತೆಯಿಂದ ಎಳೆದದ್ದಲ್ಲ, ನಿಯಮದ ಪುಸ್ತಕದಿಂದ ಎಳೆದದ್ದು ಎಂಬುದಷ್ಟೇ ಇಲ್ಲಿ ಸ್ಪಷ್ಟವಾಗುತ್ತದೆ.

ಅದೇ ಪುಸ್ತಕ ಮೂರು ವರ್ಷಗಳ ಅನಂತರ ಮತ್ತೊಂದು ಮುಖ ತೋರಿಸಿತು. 2024ರ ಪ್ಯಾರಿಸ್ ಒಲಿಂಪಿಕ್ಸ್‌ಗೆ ಹದಿನಾರು ಜನರ ಜೊತೆಗೆ ನೀಲಕಂಠ ಶರ್ಮಾ, ಜುಗ್‌ರಾಜ್ ಸಿಂಗ್, ಗೋಲ್‌ಕೀಪರ್ ಕೃಷ್ಣ ಬಹಾದೂರ್ ಪಾಠಕ್ ಈ ಮೂವರು ಮೀಸಲಾಗಿದ್ದರು. ಬ್ರಿಟನ್ನಿನ ವಿರುದ್ಧದ ಪಂದ್ಯದಲ್ಲಿ ಅಮಿತ್ ರೋಹಿದಾಸ್ ಅವರಿಗೆ ಕೆಂಪು ಕಾರ್ಡು ತೋರಿಸಲಾಯಿತು. ಉಳಿದ ಹತ್ತು ಜನರೇ ನಲವತ್ತಕ್ಕೂ ಹೆಚ್ಚು ನಿಮಿಷ ಹೋರಾಡಿ, ಶೂಟೌಟಿನಲ್ಲಿ ಗೆದ್ದರು. ರೋಹಿದಾಸರಿಗೆ ಉಪಾಂತ್ಯ ಪಂದ್ಯದಲ್ಲಿಯೂ ನಿಷೇಧ. ಮೀಸಲು ಆಟಗಾರರು ಊರಿನಲ್ಲಿಯೇ ಇದ್ದರು; ಆದರೆ ಅವರು ಗಾಯಾಳುವಿನ ಬದಲಿಗೆ ಬರಬಹುದೇ ಹೊರತು ದಂಡಿತನ ಬದಲಿಗೆ ಬರುವಂತಿರಲಿಲ್ಲ. ಭಾರತ ಹದಿನೈದೇ ಜನರೊಡನೆ ಜರ್ಮನಿಯನ್ನು ಎದುರಿಸಿ 2–3ರಿಂದ ಸೋತಿತು. ಬಳಿಕ ಸ್ಪೇನನ್ನು ಮಣಿಸಿ ಕಂಚನ್ನು ಉಳಿಸಿಕೊಂಡಿತು.

ಇಷ್ಟೂ ಹುಲ್ಲು-ಟರ್ಫಿನ ಹಾಕಿಯ ಮಾತಾಯಿತು. ಇದೇ ಹೆಸರಿನ ಇನ್ನೊಂದು ಆಟ ಕೆನಡಾ, ಅಮೆರಿಕಾ ದೇಶಗಳಲ್ಲಿ ಹಿಮಗಟ್ಟಿದ ಅಂಕಣದ ಮೇಲೆ ನಡೆಯುತ್ತದೆ. ಕಾಲಿಗೆ ಉಕ್ಕಿನ ಅಲಗುಳ್ಳ ಬೂಟು. ಚೆಂಡಿನ ಬದಲು ರಬ್ಬರಿನ ಬಿಲ್ಲೆ. ಅಂಚಿನ ಆಟಗಾರನ ವಿಷಯದಲ್ಲಿ ಅಲ್ಲಿನ ನ್ಯಾಷನಲ್ ಹಾಕಿ ಲೀಗ್ ರೂಪಿಸಿಕೊಂಡಿರುವ ಕಟ್ಟಳೆಗಳು ಒಂದು ನ್ಯಾಯಾಲಯದ ಸಂಹಿತೆಯಷ್ಟು ಸೂಕ್ಷ್ಮವಾಗಿವೆ. ಅವನ್ನು ಸ್ವಲ್ಪ ವಿಸ್ತಾರವಾಗಿ ನೋಡುವುದು ಯೋಗ್ಯ.

ಆ ಲೀಗಿನಲ್ಲಿ ಮೂವತ್ತೆರಡು ತಂಡಗಳು. ಪ್ರತಿ ತಂಡ ಸಕ್ರಿಯ ಪಟ್ಟಿಯಲ್ಲಿ ಇಪ್ಪತ್ತಮೂರು ಜನರನ್ನು ಮಾತ್ರ ಇಟ್ಟುಕೊಳ್ಳಬಹುದು. ಪಂದ್ಯದ ದಿನ ಇಬ್ಬರು ಗೋಲ್‌ಕೀಪರುಗಳೂ ಸೇರಿ ಇಪ್ಪತ್ತು ಜನ ಸಮವಸ್ತ್ರ ತೊಡುತ್ತಾರೆ. ಆದರೆ ತಂಡದ ಒಡೆಯನು ಐವತ್ತು ಆಟಗಾರರವರೆಗೆ ಕರಾರು ಮಾಡಿಕೊಳ್ಳಬಹುದು. ಹೆಚ್ಚಿನವರು ಕೆಳಹಂತದ ಲೀಗಿನಲ್ಲಿರುವ ಸಹತಂಡದಲ್ಲಿ ಆಡುತ್ತಿರುತ್ತಾರೆ. ಇಲ್ಲಿ ಒಂದು ಅಪಾಯವಿದೆ. ಹಣವಂತ ತಂಡವೊಂದು ಒಳ್ಳೆಯ ಆಟಗಾರರನ್ನೆಲ್ಲ ಕೊಂಡು, ತನಗೆ ಬೇಡವಾದಾಗ ಕೆಳಗೆ ತಳ್ಳಿ, ಬೇಕಾದಾಗ ಮೇಲೆತ್ತಿಕೊಂಡು, ಕಣಜದಲ್ಲಿ ಕಾಳು ತುಂಬಿಟ್ಟಂತೆ ಕೂಡಿಟ್ಟುಕೊಳ್ಳಬಹುದು. ಬಡ ತಂಡಕ್ಕೆ ಆಟಗಾರನಿಲ್ಲ, ಆಟಗಾರನಿಗೆ ಆಟವಿಲ್ಲ. ಇದನ್ನು ತಡೆಯಲು ಹುಟ್ಟಿದ್ದೇ ‘ವೇವರ್ಸ್’ ಎಂಬ ಪದ್ಧತಿ. ಹಕ್ಕುತ್ಯಾಗವೆಂದು ಅದನ್ನು ಕನ್ನಡದಲ್ಲಿ ಕರೆಯಬಹುದು.

ಅದು ನಡೆಯುವ ಬಗೆ ಹೀಗೆ. ಅನುಭವಿ ಆಟಗಾರನನ್ನು ಕೆಳಹಂತಕ್ಕೆ ಕಳುಹಿಸಬೇಕೆಂದಿರುವ ತಂಡ ಮೊದಲು ಅವನ ಹೆಸರನ್ನು ಉಳಿದ ತಂಡಗಳೆಲ್ಲರ ಮುಂದೆ ಇಡಬೇಕು. ಇಪ್ಪತ್ತನಾಲ್ಕು ಗಂಟೆಗಳ ಕಾಲ ಯಾವ ತಂಡವಾದರೂ ‘ಇವನು ನಮಗೆ ಬೇಕು’ ಎನ್ನಬಹುದು. ಒಂದಕ್ಕಿಂತ ಹೆಚ್ಚು ತಂಡಗಳು ಕೇಳಿದರೆ ಅಂಕಪಟ್ಟಿಯಲ್ಲಿ ಎಲ್ಲರಿಗಿಂತ ಕೆಳಗಿರುವ ತಂಡಕ್ಕೆ ಮೊದಲ ಅಧಿಕಾರ. ಪಡೆದುಕೊಂಡ ತಂಡ ಅವನ ಕರಾರನ್ನೂ ಸಂಬಳವನ್ನೂ ಹಾಗೆಯೇ ಹೊತ್ತುಕೊಳ್ಳಬೇಕು. ಯಾರೂ ಕೇಳದಿದ್ದರೆ ಮಾತ್ರ ಮೂಲ ತಂಡ ಅವನನ್ನು ಕೆಳಗೆ ಕಳುಹಿಸಬಹುದು. ಅಂದರೆ, ‘ನಿನಗೆ ಬೇಡವಾದರೆ ಬಿಡು, ಬೇಕಾದವರು ಕೊಂಡೊಯ್ಯಲಿ’ ಎಂಬುದೇ ಇದರ ಒಳಮರ್ಮ.

ನಿಯಮವಿದ್ದಲ್ಲಿ ಜಾಣತನವೂ ಇರುತ್ತದೆ. ಋತುವಿನ ಆರಂಭದಲ್ಲಿ ಎಲ್ಲ ತಂಡಗಳೂ ತಮ್ಮ ತಮ್ಮ ಪಟ್ಟಿಗಳನ್ನು ಕತ್ತರಿಸುತ್ತಿರುತ್ತವೆ. ಯಾರಲ್ಲಿಯೂ ಖಾಲಿ ಸ್ಥಾನವಿರುವುದಿಲ್ಲ. ಆ ಗದ್ದಲದ ನಡುವೆ ಒಬ್ಬನ ಹೆಸರನ್ನು ತೇಲಿಬಿಟ್ಟರೆ ಅವನನ್ನು ಯಾರೂ ಎತ್ತಿಕೊಳ್ಳಲಾರರೆಂಬುದು ವ್ಯವಸ್ಥಾಪಕರ ಲೆಕ್ಕ. ಇನ್ನೊಂದು ವಿಪರ್ಯಾಸ ಇದಕ್ಕಿಂತ ಗಾಢವಾದುದು. ಹೊಸದಾಗಿ ಬಂದ ಎಳೆಯ ಆಟಗಾರರಿಗೆ, ನಿರ್ದಿಷ್ಟ ವರ್ಷಗಳೋ ಪಂದ್ಯಗಳೋ ತುಂಬುವವರೆಗೆ, ಈ ನಿಯಮದಿಂದ ವಿನಾಯಿತಿ ಇದೆ. ಅವರನ್ನು ಯಾರಿಗೂ ತೋರಿಸದೆ ಕೆಳಗಿಳಿಸಬಹುದು, ಮೇಲೇರಿಸಬಹುದು. ಇದರ ಫಲವಾಗಿ, ಚೆನ್ನಾಗಿ ಆಡುತ್ತಿರುವ ಹುಡುಗನು ಕೆಳಗೆ ಹೋಗುತ್ತಾನೆ. ಅವನಷ್ಟು ಆಡದ ಹಿರಿಯನು ಮೇಲೆಯೇ ಉಳಿಯುತ್ತಾನೆ. ಹಿರಿಯನನ್ನು ಇಳಿಸಿದರೆ ಕಳೆದುಕೊಳ್ಳುವ ಭಯ. ಹುಡುಗನನ್ನು ಇಳಿಸಿದರೆ ಅಂತಹ ಭಯವಿಲ್ಲ. ಅಂಚಿನ ಆಟಗಾರನ ಭವಿಷ್ಯ ಎಷ್ಟೋ ಸಲ ನಿಶ್ಚಯವಾಗುವುದು ಹಿಮದ ಮೇಲಲ್ಲ, ಕಚೇರಿಯ ಮೇಜಿನ ಮೇಲೆ.

ಆದರೂ ಈ ಪದ್ಧತಿಯಿಂದ ಬದುಕಿಕೊಂಡವರಿದ್ದಾರೆ. ಭಾರತೀಯ ಮೂಲದ ತಂದೆಯ ಮಗನಾದ ಕೆನಡಾದ ಮ್ಯಾನಿ ಮಲ್ಹೋತ್ರಾ 1998ರಲ್ಲಿ ನ್ಯೂಯಾರ್ಕ್ ತಂಡಕ್ಕೆ ಮೊದಲ ಸುತ್ತಿನಲ್ಲಿಯೇ ಆಯ್ಕೆಯಾದವರು. ನಿರೀಕ್ಷೆಯಷ್ಟು ಫಲ ಕಾಣದೆ ಡಲ್ಲಾಸ್ ತಂಡಕ್ಕೆ ಹೋದರು. ಆ ತಂಡವೂ 2003ರ ನವೆಂಬರಿನಲ್ಲಿ ಅವರನ್ನು ವೇವರ್ಸ್‌ನಲ್ಲಿ ಬಿಟ್ಟಿತು. ಕೊಲಂಬಸ್ ತಂಡ ಎತ್ತಿಕೊಂಡಿತು. ಅಲ್ಲಿ ಅವರು ನೆಲೆಯೂರಿದರು. ಲೀಗಿನಲ್ಲಿ ಒಟ್ಟು ಒಂಬೈನೂರಕ್ಕೂ ಹೆಚ್ಚು ಪಂದ್ಯಗಳನ್ನಾಡಿ, ಬಳಿಕ ತರಬೇತುದಾರರಾದರು. ಡಲ್ಲಾಸ್ ತಂಡಕ್ಕೆ ಅವರನ್ನು ಸದ್ದಿಲ್ಲದೆ ಕೆಳಗೆ ಅಡಗಿಸಿಡುವ ಅಧಿಕಾರವಿದ್ದಿದ್ದರೆ ಕೊಲಂಬಸ್ಸಿನ ಬಾಗಿಲು ಅವರಿಗೆ ತೆರೆಯುತ್ತಿರಲಿಲ್ಲ.

ಭಾರತದ ಹಾಕಿಯಲ್ಲಿ ಇಂತಹ ಯಾವ ಬರಹದ ಕಟ್ಟಳೆಯೂ ಇಲ್ಲ. ರಾಷ್ಟ್ರ ತಂಡವೆಂಬುದು ಕರಾರಿನ ತಂಡವಲ್ಲ; ಶಿಬಿರಕ್ಕೆ ಕರೆ ಬಂದರೆ ಒಳಗೆ, ಬಾರದಿದ್ದರೆ ಹೊರಗೆ. ಹೊರಗುಳಿದವನನ್ನು ಎತ್ತಿಕೊಳ್ಳಲು ಮತ್ತೊಂದು ಭಾರತ ತಂಡವಿಲ್ಲ. ಪಟ್ಟಿಯಲ್ಲಿ ಹೆಸರು ಏಕಿಲ್ಲವೆಂದು ಕೇಳುವ ಅಧಿಕಾರವೂ ಆಟಗಾರನಿಗೆ ಎಷ್ಟೋ ಕಾಲ ಇರಲಿಲ್ಲ. 1998ರ ಬ್ಯಾಂಕಾಕ್ ಏಷ್ಯನ್ ಕ್ರೀಡಾಕೂಟದಲ್ಲಿ ಭಾರತ ದಕ್ಷಿಣ ಕೊರಿಯಾವನ್ನು ಸೋಲಿಸಿ ಮೂವತ್ತೆರಡು ವರ್ಷಗಳ ಬಳಿಕ ಸ್ವರ್ಣಪದಕ ಪಡೆಯಿತು. ನಿರ್ಣಾಯಕ ಪೆನಾಲ್ಟಿ ಹೊಡೆತಗಳನ್ನು ತಡೆದವರು ಬೆಂಗಳೂರಿನ ಗೋಲ್‌ಕೀಪರ್ ಆಶಿಷ್ ಬಲ್ಲಾಳ್. ತಂಡ ಮರಳಿದ ಕೆಲವೇ ದಿನಗಳಲ್ಲಿ ನಾಯಕ ಧನರಾಜ್ ಪಿಳ್ಳೈ, ಬಲ್ಲಾಳ್ ಸೇರಿದಂತೆ ಹಲವರು ಮುಂದಿನ ತಂಡದಿಂದ ಹೊರಬಿದ್ದರು. ಭತ್ಯೆ, ಸೌಲಭ್ಯಗಳ ವಿಷಯದಲ್ಲಿ ಆಟಗಾರರು ಬಾಯಿ ತೆರೆದದ್ದೇ ಕಾರಣವೆಂಬ ಮಾತು ಆಗ ದೇಶವ್ಯಾಪಿಯಾಗಿತ್ತು. ಅಂಚಿನವರಷ್ಟೇ ಅಲ್ಲ, ನಡುವಿನವರೂ ಒಂದು ರಾತ್ರಿಯಲ್ಲಿ ಅಂಚಿಗೆ ಬರಬಹುದೆಂಬುದಕ್ಕೆ ಇದಕ್ಕಿಂತ ನಿಚ್ಚಳವಾದ ಉದಾಹರಣೆ ಸಿಗಲಾರದು. ಕಠಿಣವಾದರೂ ಬರೆದಿಟ್ಟ ನಿಯಮ, ಬರೆಯದ ಕೃಪೆಗಿಂತ ಎಷ್ಟೋ ಮೇಲು.

ಹಾಗಿದ್ದೂ ಭಾರತದಲ್ಲಿ ಹದಿನೇಳನೆಯವನು ಹಸಿವಿನಿಂದ ಉಳಿಯಲಿಲ್ಲವೆಂದರೆ ಅದಕ್ಕೆ ಕಾರಣ ನೌಕರಿ. ರೈಲ್ವೆ, ಸೈನ್ಯ, ಪೊಲೀಸು, ತೈಲ ಕಂಪನಿಗಳು, ಬ್ಯಾಂಕುಗಳು, ಇಂಡಿಯನ್ ಏರ್‌ಲೈನ್ಸ್ ಮತ್ತು ಏರ್ ಇಂಡಿಯಾ ಸಂಸ್ಥೆಗಳು ಹಾಕಿ ಆಟಗಾರರನ್ನು ನೇಮಿಸಿಕೊಂಡು ತಮ್ಮ ತಮ್ಮ ತಂಡಗಳನ್ನು ಕಟ್ಟಿದವು. ಅಮೆರಿಕಾದಲ್ಲಿ ಕೆಳಹಂತದ ಲೀಗು ಮಾಡುವ ಕೆಲಸವನ್ನು ಇಲ್ಲಿ ಸರಕಾರಿ ಕಚೇರಿಯ ಹಾಜರಿ ಪುಸ್ತಕ ಮಾಡಿತು. ದೇಶಕ್ಕಾಗಿ ಒಮ್ಮೆಯೂ ಆಡದವನು ಸಹ ಇಲಾಖೆಯ ತಂಡಕ್ಕೆ ಆಡಿ, ಸಂಬಳ ಪಡೆದು, ನಿವೃತ್ತನಾಗಿ ಪಿಂಚಣಿ ಪಡೆದನು. ಹುಬ್ಬಳ್ಳಿ, ಗದಗ-ಬೆಟಗೇರಿಗಳ ಸೆಟ್ಲ್‌ಮೆಂಟ್ ಪ್ರದೇಶಗಳಲ್ಲಿ ಹಾಕಿ ಬೇರುಬಿಟ್ಟದ್ದನ್ನು ಬಲ್ಲವರಿಗೆ ಕ್ರೀಡೆಯಿಂದ ದೊರೆಯುವ ನೌಕರಿಯ ಬೆಲೆಯನ್ನು ವಿವರಿಸಬೇಕಾಗಿಲ್ಲ. ಆದರೆ ಆ ಬಾಗಿಲುಗಳೂ ಶಾಶ್ವತವಲ್ಲ. 2022ರ ಜನವರಿಯಲ್ಲಿ ಏರ್ ಇಂಡಿಯಾ ಟಾಟಾ ಸಮೂಹದ ಕೈಸೇರಿತು.

ಹೊಸ ಬಾಗಿಲೊಂದು ಹಾಕಿ ಇಂಡಿಯಾ ಲೀಗಿನ ರೂಪದಲ್ಲಿ ತೆರೆಯಿತು. 2013ರಿಂದ 2017ರವರೆಗೆ ನಡೆದು ನಿಂತುಹೋಗಿದ್ದ ಈ ಪಂದ್ಯಾವಳಿ 2024ರ ಡಿಸೆಂಬರಿನಲ್ಲಿ ಮರುಜೀವ ಪಡೆಯಿತು. ಅದಕ್ಕಾಗಿ ಅಕ್ಟೋಬರಿನಲ್ಲಿ ನಡೆದ ಹರಾಜಿನಲ್ಲಿ ಪುರುಷರ ಎಂಟು ತಂಡಗಳಿಗೆ ತಲಾ ಇಪ್ಪತ್ತನಾಲ್ಕು ಆಟಗಾರರ ಅವಕಾಶ. ಅವರಲ್ಲಿ ನಾಲ್ವರು ಕಿರಿಯರು ಇರಲೇಬೇಕೆಂಬ ಕಟ್ಟು. ಮೂಲಬೆಲೆ 2 ಲಕ್ಷ, 5 ಲಕ್ಷ, 10 ಲಕ್ಷ ರೂಪಾಯಿಗಳೆಂಬ ಮೂರು ಮೆಟ್ಟಿಲು. ನಾಯಕ ಹರ್ಮನ್‌ಪ್ರೀತ್ ಸಿಂಗ್ 78 ಲಕ್ಷಕ್ಕೆ ಹೋದರು. ರಾಷ್ಟ್ರ ತಂಡದ ಪಟ್ಟಿಯಲ್ಲಿ ಇಲ್ಲದ ಎಷ್ಟೋ ಹುಡುಗರಿಗೆ ಆಟವೂ ಸಂಪಾದನೆಯೂ ದೊರೆತವು. ಆ ಎಂಟು ತಂಡಗಳಲ್ಲಿ ಕರ್ನಾಟಕದ್ದು ಒಂದೂ ಇರಲಿಲ್ಲವೆಂಬುದು ಕನ್ನಡಿಗರಿಗೆ ಖೇದದ ಸಂಗತಿ.

ಖೇದಕ್ಕೆ ಇನ್ನೂ ದೊಡ್ಡ ಕಾರಣವಿದೆ. 2016ರ ರಿಯೋ ಒಲಿಂಪಿಕ್ಸ್‌ನ ಹದಿನಾರು ಜನರಲ್ಲಿ ವಿ. ಆರ್. ರಘುನಾಥ್, ಎಸ್. ವಿ. ಸುನಿಲ್, ಎಸ್. ಕೆ. ಉತ್ತಪ್ಪ, ನಿಕಿನ್ ತಿಮ್ಮಯ್ಯ, ಹೀಗೆ ನಾಲ್ವರು ಕೊಡಗಿನವರಿದ್ದರು. ಟೋಕಿಯೋದ ಹದಿನಾರರಲ್ಲಿ ಕರ್ನಾಟಕದವರು ಒಬ್ಬರೂ ಇರಲಿಲ್ಲ. ಪ್ಯಾರಿಸ್ಸಿನ ಹದಿನಾರರಲ್ಲಿಯೂ ಇರಲಿಲ್ಲ. ತಂಡ ಸಿದ್ಧವಾಗುತ್ತಿದ್ದದ್ದು ಬೆಂಗಳೂರಿನ ನೆಲದ ಮೇಲೆಯೇ. ಸೋಮವಾರಪೇಟೆಯ ಸುನಿಲ್ ಭಾರತಕ್ಕಾಗಿ 264 ಪಂದ್ಯಗಳನ್ನಾಡಿ 72 ಗೋಲುಗಳನ್ನು ಹೊಡೆದವರು. ಟೋಕಿಯೋದ ಪಟ್ಟಿಯಲ್ಲಿ ಹೆಸರು ಕಾಣದ ಅವರು 2021ರ ಅಕ್ಟೋಬರ್ ಒಂದರಂದು ಅಂತಾರಾಷ್ಟ್ರೀಯ ಆಟಕ್ಕೆ ವಿದಾಯ ಹೇಳಿದರು.

ಅದೇ ಕೊಡಗಿನಲ್ಲಿ ಆಯ್ಕೆಯ ಈ ನಿಷ್ಠುರತೆಗೆ ತೀರ ವಿರುದ್ಧವಾದ ಒಂದು ಸಂಪ್ರದಾಯವೂ ಬೆಳೆದಿದೆ. 1997ರಲ್ಲಿ ಪಾಂಡಂಡ ಕುಟ್ಟಪ್ಪನವರು ಕರಡ ಗ್ರಾಮದಲ್ಲಿ ಕೊಡವ ಕುಟುಂಬಗಳ ನಡುವೆ ಹಾಕಿ ಹಬ್ಬವನ್ನು ಆರಂಭಿಸಿದರು. ಮೊದಲ ವರ್ಷ ಅರವತ್ತು ಕುಟುಂಬಗಳು ಆಡಿದವು. 2024ರಲ್ಲಿ ನಾಪೋಕ್ಲುವಿನಲ್ಲಿ ನಡೆದ ಕುಂಡ್ಯೋಳಂಡ ಕಪ್ಪಿಗೆ 360 ಕುಟುಂಬಗಳು ಬಂದವು. ಜಗತ್ತಿನ ಅತಿ ದೊಡ್ಡ ಹಾಕಿ ಪಂದ್ಯಾವಳಿಯೆಂದು ಅದು ಗಿನ್ನೆಸ್ ದಾಖಲೆಯನ್ನೂ ಸೇರಿತು. ಇಲ್ಲಿ ತಂಡವೆಂದರೆ ಮನೆತನ. ಒಲಿಂಪಿಕ್ಸ್ ಆಡಿದವನ ಪಕ್ಕದಲ್ಲಿ ಅವನ ಚಿಕ್ಕಪ್ಪ, ಇನ್ನೊಂದು ತುದಿಯಲ್ಲಿ ಶಾಲೆಗೆ ಹೋಗುವ ತಮ್ಮ. ಹೆಣ್ಣುಮಕ್ಕಳೂ ಕೋಲು ಹಿಡಿದು ನಿಲ್ಲುತ್ತಾರೆ. ಅಜ್ಜನ ಓಟ ನಿಧಾನವಾಯಿತೆಂದು ಅವನನ್ನು ಬಿಟ್ಟುಕೊಡಲು ಮತ್ತೊಂದು ಮನೆತನವಿಲ್ಲ. ಇಂತಹ ಹಬ್ಬದಿಂದ ಒಲಿಂಪಿಕ್ ಪದಕ ನೇರವಾಗಿ ಬರಲಾರದು, ನಿಜ. ಆದರೆ ಪಟ್ಟಿಯಿಂದ ಹೊರಬಿದ್ದವನು ಮರುವರ್ಷವೂ ಕೋಲನ್ನು ಅಟ್ಟಕ್ಕೆ ಎಸೆಯದೆ ಉಳಿದಿರುವುದು ಇಂತಹ ನೆಲೆಗಳಿಂದಲೇ.

ಗೋಲ್‌ಕೀಪರನ ಸ್ಥಿತಿ ಇವರೆಲ್ಲರಿಗಿಂತ ಭಿನ್ನ. ಒಲಿಂಪಿಕ್ಸ್‌ನ ಹದಿನಾರರಲ್ಲಿ ಎರಡನೆಯ ಗೋಲ್‌ಕೀಪರನನ್ನು ಸೇರಿಸಿದರೆ ಒಬ್ಬ ಓಡುವ ಆಟಗಾರ ಕಡಮೆಯಾಗುತ್ತಾನೆ. ಆದ್ದರಿಂದ ಭಾರತ ಟೋಕಿಯೋದಲ್ಲಿಯೂ ಪ್ಯಾರಿಸ್ಸಿನಲ್ಲಿಯೂ ಶ್ರೀಜೇಶ್ ಒಬ್ಬರನ್ನೇ ಪಟ್ಟಿಯಲ್ಲಿಟ್ಟಿತು. ಕೃಷ್ಣ ಬಹಾದೂರ್ ಪಾಠಕ್ ಎರಡು ಕಡೆಯೂ ಮೀಸಲು. ಶ್ರೀಜೇಶ್ ಪ್ಯಾರಿಸ್ಸಿನಲ್ಲಿ ನಿವೃತ್ತರಾದ ಮೇಲೆ ಪಾಠಕರಿಗೆ ಗೋಲುಗಂಬದ ಕಾವಲು ದೊರೆಯಿತು. 2025ರಲ್ಲಿ ರಾಜಗೀರಿನಲ್ಲಿ ಏಷ್ಯಾ ಕಪ್ ಗೆದ್ದ ತಂಡದಲ್ಲಿ ಅವರಿದ್ದರು. ಕಾಯುವಿಕೆ ಅವರ ಪಾಲಿಗೆ ಫಲಿಸಿತು. ಜರ್ಮನಿಯ ಮೇಲೆ ಎರಡು ಗೋಲು ಹೊಡೆದು ಅರ್ಜುನ ಪ್ರಶಸ್ತಿ ಪಡೆದ ಸಿಮ್ರನ್‌ಜೀತ್ ಸಿಂಗ್ ಅವರ ಹೆಸರು ಪ್ಯಾರಿಸ್ಸಿನ ಹದಿನಾರರಲ್ಲಿ ಇರಲಿಲ್ಲ. ಮೂವರು ಮೀಸಲು ಆಟಗಾರರಲ್ಲಿಯೂ ಇರಲಿಲ್ಲ.